ಪಕ್ಕದ ಮನೆ ಅಜ್ಜಿ ಕಲಿಸಿದ ‘ಅಂತೆ’

ನಾಳೆ ಟ್ಯಾಂಕ್ ತೊಳೀತಾರೆ, ನೀರು ಬರಲ್ಲ ಅಂತ ನಮ್ಮ ಕಟ್ಟಡದ ವಾಚ್‌ಮನ್ ಹೇಳಿದ್ದರು. ಲಿಫ್ಟಲ್ಲಿ ಸಿಕ್ಕ ಪಕ್ಕದ ಮನೆ ಪೋಪೋಗೆ (ಹಾಂಗ್‌ಕಾಂಗಿನಲ್ಲಿ ಅಜ್ಜಿಯರನ್ನು ಹಾಗೇ ಕರೆಯೋದು) ಇಲ್ಲಿನ ಆಡುಮಾತಾದ ಕ್ಯಾಂಟನೀಸಲ್ಲಿ, ಹರುಕುಮುರುಕಾಗಿ, ಅದನ್ನೇ ಹೇಳಿದೆ: ‘ಥಿಂಗ್ ಯತ್ ಮೋ ಸೋಯ್.’ ನಾಳೆ ನೀರಿಲ್ಲ.

‘ನಿಂಗೆ ಹೇಗಮ್ಮ ಗೊತ್ತು?’ ಅಂದರು. ವಾಚ್‌ಮನ್ ಹೇಳಿದ್ರು ಅಂದೆ. ‘ಹಾಗಾದ್ರೆ ಕೊನೇಲಿ ವೊ ಸೇರಿಸು’ ಅಂತ, ದನಿಯನ್ನು ತಳದಿಂದ ಮೆಲ್ಲಗೆ ಮೇಲಕ್ಕೆಳೆದು ಹೇಳಿ ತೋರಿಸಿದರು: ‘ಮೋ ಸೋಯ್ ವೊ.’

ನನಗೆ ಕೇಳಿಸಿದ್ದು ಅಮ್ಮನ ದನಿ: ‘ನಾಳೆ ನೀರು ಬರಲ್ವಂತೆ.’

ಈ ಭಾಷೆಯಲ್ಲಿ ಆರು ಟೋನ್, ಅಂದರೆ ದನಿಯ ಏರಿಳಿತಗಳು. ಪ್ರತಿ ಅಕ್ಷರಕ್ಕೂ ಅದರದೇ ಎತ್ತರ, ಅದು ತಪ್ಪಿದರೆ ಅರ್ಥವೇ ಬೇರೆ. ಹಾಗಾಗಿ ನಾವು ದನಿ ಎಳೆದು, ಏರಿಸಿ ತೋರಿಸುವ ಬೆರಗು, ಅನುಮಾನ, ಸಲಿಗೆಗಳಲ್ಲಿ ಬಹುಪಾಲನ್ನು ಇಲ್ಲಿ ಮಾತಿನ ಕೊನೆಯ ಪುಟ್ಟ ಅಕ್ಷರಗಳು ಹೊರುತ್ತವೆ. ‘ಲೊಕ್ ಯೂ’ ಅಂದರೆ ಮಳೆ ಬರೋದು. ‘ಲೊಕ್ ಯೂ ಲಾ’, ಮಳೆ ಶುರುವಾಯ್ತು. ‘ಲೊಕ್ ಯೂ ಮೆ’, ಹೌದಾ, ಮಳೆನಾ! ‘ಲೊಕ್ ಯೂ ಲೊ’, ಮಳೆ ಕಣ್ರೀ, ಇನ್ನೇನು ಮತ್ತೆ! ಅದೇ ‘ವೊ’ವನ್ನು ಏರಿಸದೆ ನಡುಮಟ್ಟದಲ್ಲಿ ಹೇಳಿದರೆ ‘ಅಂತೆ’ ಹೋಗಿ ‘ಅರೆ, ಮಳೆ ಬರ್ತಿದೆಯಲ್ಲಾ!’ ಆಗುತ್ತದೆ. ತರಕಾರಿಯವಳು ‘ಸಪ್ ಮನ್ ಜೆ’ ಅಂದರೆ ಬರೀ ಹತ್ತು ಡಾಲರ್ ಅಷ್ಟೇ ಕಣಮ್ಮ ಅಂತ. ಆ ‘ಜೆ’ ಕೇಳಿದ ಮೇಲೆ ಚೌಕಾಸಿಗೆ ನನಗಂತೂ ಮನಸ್ಸೇ ಬರುವುದಿಲ್ಲ.

ಪತ್ರಿಕೆಗಳ ಬರವಣಿಗೆ ಪ್ರಮಾಣ ಚೀನೀ ಭಾಷೆಯದು, ಅಲ್ಲಿ ಇವು ಕಾಣುವುದು ಅಪರೂಪ. ವಾಟ್ಸಾಪಿನಲ್ಲಿ ಮಾತ್ರ ಸಾಲುಸಾಲಿಗೂ ಇವೇ. ಬರೆದದ್ದನ್ನು ಹತ್ತಿರದಿಂದ ನೋಡಿ: ಲಾ, ವೊ, ಮೆ, ಲೊ, ಎಲ್ಲದರ ಎಡಕ್ಕೂ ಒಂದು ಪುಟ್ಟ ಚೌಕ. ಅದು ‘ಬಾಯಿ’ ಎಂಬ ಅಕ್ಷರ. ಇದು ಬಾಯಿಮಾತು ಎಂದು ಲಿಪಿಯೇ ಹೇಳುವ ಈ ಗುರುತು ನನಗೆ ತುಂಬಾ ಇಷ್ಟ.

ಕನ್ನಡದವರು ಯಾರಾದರೂ ಕ್ಯಾಂಟನೀಸ್ ಕಲಿಯಲು ಹೊರಟರೆ ಇವನ್ನು ಕೊನೆಗೆ ಉಳಿಸಿಕೊಳ್ಳಬೇಡಿ. ‘ಅಂತೆ’, ‘ತಾನೆ’, ‘ಕಣೇ’, ‘ಅಲ್ವಾ’ ಆಡಿ ಬೆಳೆದವರು ನಾವು. ಟೋನ್‌ಗೆ ತಡವರಿಸಿದರೂ ಇವುಗಳ ಮನಸ್ಸು ನಮಗೆ ಬೇಗ ತಿಳಿಯುತ್ತದೆ.

ಹೋದ ವಾರ ಮತ್ತೆ ಅದೇ ಲಿಫ್ಟು. ಮಳೆ ಬರುತ್ತಂತೆ ಅಂದೆ, ‘ವೊ’ ಸೇರಿಸಿ, ತಳದಿಂದ ಮೇಲಕ್ಕೆಳೆದು. ಯಾರು ಹೇಳಿದ್ರು ಅಂತ ಪೋಪೋ ಕೇಳಲಿಲ್ಲ. ಕೊಡೆ ತರೋಕೆ ವಾಪಸ್ ಮನೆಗೆ ಹೋದರು.