ಸ್ಟೂಲ್ ಹಿಡಿಯುವ ಮಾಮ

ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಹೌಸಿಂಗ್ ಸೊಸೈಟಿಯ ಮಕ್ಕಳೆಲ್ಲ ಅವರನ್ನು ವಾಶರ್ ಮಾಮ ಅಂತಾರೆ. ನಲ್ಲಿಯ ವಾಶರ್. ಹೆಸರು ಗೊತ್ತಿದ್ದವರು ಇಡೀ ವಿಂಗಿನಲ್ಲಿ ನಾಲ್ಕು ಜನ ಇರಬಹುದು. ಅವರ ಜೇಬಿನಲ್ಲಿ ಹಳೇ ಸೈಕಲ್ ಟ್ಯೂಬಿನ ಒಂದು ತುಂಡು, ಅರ್ಧ ಬ್ಲೇಡು ಮತ್ತು ಸಣ್ಣ ಸ್ಕ್ರೂಡ್ರೈವರ್ ಯಾವಾಗಲೂ ಇರ್ತವೆ. ಮದುವೆ ಮನೆಗೆ ಬಂದಾಗಲೂ ಇದ್ದವು, ನಾನೇ ನೋಡಿದ್ದೇನೆ.

ಮೊದಲ ಸಲ ಮಾತಾಡಿದ್ದು ಒಂದು ಮೇ ತಿಂಗಳು. ಮುಂಬೈ ಕಡೆಯ ಮೇ ಅಂದರೆ ಗೊತ್ತಲ್ಲ, ಗೋಡೆಯೂ ಬೆವರುತ್ತೆ. ಹಾಲ್‌ನ ಫ್ಯಾನು ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಪೊರಕೆ ಹಿಡಿಯಿಂದ ರೆಕ್ಕೆ ತಳ್ಳಿದರೆ ನಿಧಾನಕ್ಕೆ ತಿರುಗೋದು. ಎಲೆಕ್ಟ್ರಿಷಿಯನ್ ಫೋನಿನಲ್ಲೇ ಮುನ್ನೂರೈವತ್ತು ರೂಪಾಯಿ ಅಂದ, ಅದೂ ನಾಡಿದ್ದು ಬರ್ತೀನಿ ಅಂದ. ಲಿಫ್ಟಿನಲ್ಲಿ ನಾನು ಗಂಡನ ಹತ್ರ ಇದನ್ನೇ ಕನ್ನಡದಲ್ಲಿ ಗೊಣಗುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದವರು, "ಕಂಡೆನ್ಸರ್ ಹೋಗಿರ್ತದೆ ಮಾರಾಯ್ತಿ. ಅರವತ್ತು ರೂಪಾಯಿ. ಸ್ಟೇಷನ್ ಹತ್ರ ಸಿಗ್ತದೆ, ಎರಡೂವರೆ ಮೈಕ್ರೋಫ್ಯಾರಡ್ ಅಂತ ಕೇಳು" ಅಂದರು. ಆಮೇಲೆ ಮೂರನೇ ಮಹಡಿಯಲ್ಲಿ ಇಳಿದು ಹೋದರು.

ಸಂಜೆ ಅವರ ಮನೆ ಬಾಗಿಲು ತಟ್ಟಿದೆ. ಕೈಯಲ್ಲಿ ಕಂಡೆನ್ಸರ್ ಇತ್ತು. ಅವರೇ ಬಂದು ಹಾಕಿಕೊಡ್ತಾರೆ ಅಂತ ನನ್ನ ಲೆಕ್ಕ. ಬಂದರು, ನಿಜ. ಆದರೆ ಸ್ಟೂಲನ್ನು ಫ್ಯಾನಿನ ಕೆಳಗೆ ಇಟ್ಟು, ಅದರ ಎರಡು ಕಾಲು ಗಟ್ಟಿಯಾಗಿ ಹಿಡಿದುಕೊಂಡು ಕೂತುಬಿಟ್ಟರು.

"ಹತ್ತು."

"ನಾನಾ?"

"ಫ್ಯಾನ್ ಯಾರದ್ದು? ಸ್ಟೂಲ್ ಹಿಡಿಯೋದು ನನ್ನ ಕೆಲಸ, ಹತ್ತೋದು ನಿಂದು."

ಮೀಟರ್ ಹತ್ರ ಮೈನ್ ಆಫ್ ಮಾಡಿಸಿದರು. ಆಫ್ ಆಗಿದೆಯಾ ಅಂತ ಟೆಸ್ಟರ್ ಇಟ್ಟು ನೋಡು ಅಂದರು. ಮೇಲಿನ ಬಟ್ಟಲು ಸಡಿಲಿಸಿದರೆ ಒಳಗೆ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಬಿಳೀ ಡಬ್ಬಿ, ಅದಕ್ಕೆ ಎರಡು ವೈರು. ಮೈನ್ ಆಫ್ ಇದ್ದರೂ ಕಂಡೆನ್ಸರ್ ಒಳಗೆ ಕರೆಂಟು ಉಳಿದಿರಬಹುದಂತೆ. ಹಾಗಾಗಿ ಹಿಡಿಗೆ ಪ್ಲಾಸ್ಟಿಕ್ ಇರುವ ಸ್ಕ್ರೂಡ್ರೈವರಿನಿಂದ ಎರಡೂ ತುದಿ ಒಟ್ಟಿಗೆ ಮುಟ್ಟಿಸಬೇಕು. ನನ್ನ ಕೈ ನಡುಗುತ್ತಿತ್ತು. ಕೆಳಗಿನಿಂದ ಅವರು, ಯಾವ ವೈರು ಯಾವ ತುದಿಗೆ ಹಾಕಿದರೂ ಅಡ್ಡಿಯಿಲ್ಲ, ಇದಕ್ಕೆ ಪ್ಲಸ್ಸು ಮೈನಸ್ಸು ಇಲ್ಲ ಅಂತ ಹೇಳುತ್ತಾ ಇದ್ದರು. ಇಪ್ಪತ್ತು ನಿಮಿಷದಲ್ಲಿ ಆಗುವ ಕೆಲಸ ನನಗೆ ಒಂದು ಗಂಟೆ ಹಿಡಿಯಿತು. ಫ್ಯಾನು ತಿರುಗಿದಾಗ ಅವರು ಒಂದು ಮಾತೂ ಹೊಗಳಲಿಲ್ಲ. "ಮೇಲೆ ಧೂಳು ಎಷ್ಟುಂಟು ಕಂಡ್ಯಾ" ಅಂದರು. ಟೀ ಬೇಡ ಅಂದು ಹೊರಟರು.

ಅವರದು ಕುಂದಾಪುರದ ಕಡೆ. ಹದಿಮೂರು ವರ್ಷಕ್ಕೆ ಮುಂಬೈಗೆ ಬಂದು ಅಲ್ಲಿನ ಫೋರ್ಟ್ ಏರಿಯಾದ ಹೋಟೆಲಿನಲ್ಲಿ ಟೇಬಲ್ ಒರೆಸಿದವರು. ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ. ಆ ಕಾಲದ ಎಷ್ಟೋ ಹುಡುಗರ ಕಥೆ ಇದು. ಹತ್ತನೇ ಕ್ಲಾಸು ಪಾಸಾಗಿ ಪರೇಲಿನ ಒಂದು ಬಟ್ಟೆ ಮಿಲ್ಲಿಗೆ ಸೇರಿದರು. ನೂಲು ತೆಗೆಯುವ ರಿಂಗ್ ಫ್ರೇಮ್ ಯಂತ್ರದ ರಿಪೇರಿ ವಿಭಾಗ. ಕಾಯಂ ನೌಕರಿ ಸಿಕ್ಕಿತು, ಇನ್ನೇನು ಬೇಕು ಅಂದುಕೊಂಡಿದ್ದರಂತೆ.

1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಂಬೈ ಬಟ್ಟೆ ಮಿಲ್ಲುಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮಿಲ್ಲುಗಳಿಂದ ಹೊರಗೆ ಬಂದರು. ಒಂದು ತಿಂಗಳಲ್ಲಿ ಮುಗಿಯುತ್ತೆ ಅಂತ ಎಲ್ಲರೂ ಹೇಳಿದರು. ಮುಗಿಯಿತು ಅಂತ ಇವತ್ತಿನವರೆಗೂ ಯಾರೂ ಅಧಿಕೃತವಾಗಿ ಹೇಳಿಲ್ಲ. ಎಷ್ಟೋ ಮಿಲ್ಲುಗಳು ಮತ್ತೆ ಬಾಗಿಲು ತೆಗೆಯಲೇ ಇಲ್ಲ. ಈಗ ಆ ಜಾಗದಲ್ಲಿ ಮಾಲ್‌ಗಳಿವೆ, ಗಾಜಿನ ಆಫೀಸುಗಳಿವೆ. ನನ್ನ ಗಂಡ ಕೆಲಸ ಮಾಡುವುದು ಅಂಥದ್ದೇ ಒಂದರಲ್ಲಿ.

"ಆರು ವರ್ಷ ಒಂದೇ ಮೆಷಿನ್ ಮುಟ್ಟಿದ್ದೆ" ಅಂತ ಒಂದು ದಿನ ಹೇಳಿದರು. "ಕಣ್ಣು ಮುಚ್ಚಿ ಸ್ಪಿಂಡಲ್ ಕೂರಿಸ್ತಿದ್ದೆ. ಗೇಟ್ ಮುಚ್ಚಿದ ಮೇಲೆ ಗೊತ್ತಾಯ್ತು, ಮಿಲ್ಲಿನ ಹೊರಗೆ ಆ ವಿದ್ಯೆಗೆ ಒಂದು ಪೈಸೆ ಬೆಲೆ ಇಲ್ಲ. ನಂಗೆ ಮನೆಯ ಸ್ಟವ್ವಿಗೆ ಪಿನ್ ಹಾಕಲೂ ಬರ್ತಿರಲಿಲ್ಲ."

ಅಲ್ಲಿಂದ ಶುರು. ಸ್ಟವ್ವು, ಇಸ್ತ್ರಿ ಪೆಟ್ಟಿಗೆ, ಮಿಕ್ಸರಿನ ಕಾರ್ಬನ್, ಗ್ರೈಂಡರಿನ ಬೆಲ್ಟ್. ಹಾಳಾದ ಸಾಮಾನು ಚೋರ್ ಬಜಾರಿನಿಂದ ತಂದು ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು. ಆಮೇಲೆ ಇಲ್ಲೇ ಸ್ಟೇಷನ್ ಹತ್ರ ಗೂಡಿನಂಥ ಒಂದು ರಿಪೇರಿ ಅಂಗಡಿ ಇಟ್ಟು ಮೂವತ್ತು ವರ್ಷ ನಡೆಸಿದರು. ತಮ್ಮ ಅಂಗಿ ತಾವೇ ಹೊಲಿಯುತ್ತಾರೆ. ಕೂದಲು ತಾವೇ ಕತ್ತರಿಸಿಕೊಳ್ಳುತ್ತಾರೆ, ಹಿಂದುಗಡೆ ಸ್ವಲ್ಪ ಏರುಪೇರು ಇರುತ್ತೆ, ಇರಲಿ. ಕಿಟಕಿ ಗ್ರಿಲ್ಲಿಗೆ ಬಸಳೆ ಹಬ್ಬಿಸಿದ್ದಾರೆ. ಇಲ್ಲಿ ತರಕಾರಿಯವರ ಹತ್ರ ಅದನ್ನು ಮಾಯಾಳು ಅಂತ ಕೇಳಬೇಕು, ಅದೂ ಸಿಕ್ಕರೆ ಸಿಕ್ಕಿತು. ಮಾಮನನ್ನು ಕೇಳಿದರೆ ಸೊಪ್ಪು ಕೊಡಲ್ಲ. ಒಂದು ಗೇಣು ದಂಟು ಮುರಿದು ಕೊಡುತ್ತಾರೆ. ನೆಡು, ಎರಡು ತಿಂಗಳು ಬಿಟ್ಟು ಸಾರು ಮಾಡು ಅನ್ನುತ್ತಾರೆ.

ಇದು ನನಗೆ ಮೊದಮೊದಲು ಸಿಟ್ಟು ತರಿಸುತ್ತಿತ್ತು. ಒಂದು ಹಿಡಿ ಸೊಪ್ಪು ಕೊಟ್ಟರೆ ಏನು ಗಂಟು ಹೋಗುತ್ತೆ ಅಲ್ವಾ? ಅವರ ಹಠವೂ ಕಡಿಮೆಯದ್ದಲ್ಲ. ಒಮ್ಮೆ ಸೊಸೈಟಿಯ ನೀರಿನ ಪಂಪು ನಾನೇ ಸರಿ ಮಾಡ್ತೀನಿ ಅಂತ ಬಿಚ್ಚಿ ಕೂತು, ಇಡೀ ವಿಂಗಿಗೆ ಒಂದೂವರೆ ದಿನ ನೀರಿಲ್ಲ. ಸೆಕ್ರೆಟರಿ ಮರಾಠಿಯಲ್ಲಿ ಬೈದದ್ದು ಏಳನೇ ಮಹಡಿಗೂ ಕೇಳಿಸಿತು. ಅವತ್ತು ಸೆಕ್ರೆಟರಿ ಹೇಳಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನೋಕೆ ಆಗದೇ ಇರೋದು ಸ್ವಾವಲಂಬನೆ ಅಲ್ಲ, ಜಂಬ. ಮುಖದ ಮೇಲೇ ಹೇಳಿದೆ. ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಬಂದು, ಇನ್ನು ಮೇಲೆ ಗ್ಯಾಸು, ಲಿಫ್ಟು, ಪಂಪು ಮೂರೂ ಮುಟ್ಟಲ್ಲ ಅಂದರು. ಗ್ಯಾಸು, ಲಿಫ್ಟು ಮೊದಲಿಂದಲೂ ಮುಟ್ಟುತ್ತಿರಲಿಲ್ಲ. ಪಂಪು ಹೊಸದಾಗಿ ಸೇರಿತು.

2020ರ ಲಾಕ್‌ಡೌನಿನಲ್ಲಿ ಪ್ಲಂಬರ್ ಇಲ್ಲ, ಯಾರೂ ಇಲ್ಲ. ಆಗ ಮಾಮ ಎಲ್ಲರಿಗೂ ಬೇಕಾದರು. ಅದು ಬೇರೆ ಪುರಾಣ. ಒಂದು ಹೇಳ್ತೀನಿ: ಈಗ ನಮ್ಮ ವಿಂಗಿನಲ್ಲಿ ನಲ್ಲಿ ವಾಶರ್ ಬದಲಿಸಲು ಬರುವ ಹೆಣ್ಣುಮಕ್ಕಳು ಆರು ಜನ ಇದ್ದೇವೆ. ರಬ್ಬರಿನ ಮೇಲೆ ನಾಣ್ಯ ಇಟ್ಟು ಬ್ಲೇಡಿನಿಂದ ಸುತ್ತ ಕೊಯ್ಯಬೇಕು, ನಡುವೆ ತೂತಿಗೆ ಬಿಸಿ ಮೊಳೆ ಸಾಕು.

ಅವರ ಮನೆಯಲ್ಲಿ ನನಗೆ ತುಂಬಾ ಇಷ್ಟವಾದ ವಸ್ತು ಒಂದು ಹಳೇ ಲೆಕ್ಕದ ಪುಸ್ತಕ. ನಮ್ಮ ಕರಾವಳಿಯಲ್ಲಿ ಪಿಗ್ಮಿ ಅಂತಾರಲ್ಲ, 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು, ದಿನಕ್ಕೆ ಎರಡಾಣೆಯಿಂದ ಮನೆ ಬಾಗಿಲಲ್ಲೇ ಉಳಿತಾಯ ಕಟ್ಟಿಸಿಕೊಳ್ಳೋದು. ಅವರಮ್ಮ ಊರಲ್ಲಿ ಕಟ್ಟುತ್ತಿದ್ದರಂತೆ. ಇದೂ ಹಾಗೇ ದಿನದಿನದ ಲೆಕ್ಕ ಇರಬೇಕು ಅಂದುಕೊಂಡು ತೆರೆದೆ. ಉಳಿತಾಯದ್ದಲ್ಲ. ಮುಷ್ಕರದ ಕಾಲದ ಊಟದ ಲೆಕ್ಕ. ಮಾಟುಂಗಾದ ಒಂದು ಹೋಟೆಲಿನ ಧಣಿ, ಊರ ಕಡೆಯವರು, ಕೆಲಸವಿಲ್ಲದ ಹುಡುಗನಿಗೆ ತಿಂಗಳುಗಟ್ಟಲೆ ಊಟ ಹಾಕಿದ್ದರು. ಒಂದೊಂದು ಊಟಕ್ಕೂ ಒಂದೊಂದು ಗೆರೆ. ಐದನೇ ಗೆರೆ ಅಡ್ಡಕ್ಕೆ. ಕೆಲವು ಪುಟಗಳಿಗೆ ಸಾಂಬಾರು ಕಲೆ.

"ತೀರಿಸಿದ್ರಾ ಮಾಮ?"

"ದುಡ್ಡು ತಗೊಳ್ಳಲಿಲ್ಲ ಅವರು. ಬೈದು ಕಳಿಸಿದ್ರು. ಮತ್ತೆ ಅವರ ಗ್ರೈಂಡರ್ ನಾನೇ ನೋಡಿಕೊಂಡೆ, ಹೋಟೆಲು ಮಾರುವ ತನಕ."

ಹಾಗಾದರೆ ನೀವೂ ಬೇರೆಯವರ ಸ್ಟೂಲ್ ಹಿಡಿಸಿಕೊಂಡೇ ಹತ್ತಿದ್ದಲ್ವಾ ಅಂತ ಕೇಳಬೇಕು ಅನಿಸಿತು. ಅವರು ಪುಸ್ತಕವನ್ನು ಪಂಚೆಯ ಅಂಚಿನಿಂದ ಒರೆಸಿ ಕಪಾಟಿನಲ್ಲಿ ಇಡುತ್ತಿದ್ದರು. ನಾನು ಕೇಳಲಿಲ್ಲ.

ಹೋದ ಚಳಿಗಾಲದಲ್ಲಿ ಮಾಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮಗ ಬೆಂಗಳೂರಿನಿಂದ ಬರ್ತೀನಿ ಅಂದರೆ ಬೇಡ ಅಂದುಬಿಟ್ಟಿದ್ದರು. ಒಬ್ಬರೇ ಲೋಕಲ್ ಹಿಡಿದು ಠಾಣೆಗೆ ಹೋಗಿ ಬರುವ ಯೋಚನೆ. ಜೊತೆಗೆ ಒಬ್ಬರು ಬರಲೇಬೇಕು, ಇಲ್ಲದಿದ್ದರೆ ಮಾಡಲ್ಲ ಅಂತ ಆಸ್ಪತ್ರೆಯವರು ಹೇಳಿದ ಮೇಲೆ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಚಪ್ಪಲಿ ಸ್ಟ್ಯಾಂಡಿನ ಸಡಿಲ ಮೊಳೆಯನ್ನು ಬೆರಳಿನಿಂದ ತಿರುಗಿಸುತ್ತಾ ನಿಂತರು. "ನಾಳೆ ನಿಂಗೆ ಮಧ್ಯಾಹ್ನದ ತನಕ ಪುರುಸೊತ್ತುಂಟಾ?" ಈ ಮಾತು ಹೊರಗೆ ಬರಲು ಅವರಿಗೆ ಎರಡು ನಿಮಿಷ ಬೇಕಾಯಿತು. ಹೋಗಿ ಬಂದೆವು. ನನ್ನ ಟಿಕೆಟ್ಟು ಅವರೇ ತೆಗೆದರು, ಜಗಳ ಮಾಡಿ.

ಮಾರನೇ ದಿನದಿಂದ ಕಣ್ಣಿಗೆ ಡ್ರಾಪ್ಸ್. ಹೊತ್ತುಹೊತ್ತಿಗೆ ಹಾಕಬೇಕು. ನಾನು ಹಾಕ್ತೀನಿ ಮಾಮ, ಮಲಗಿ ಅಂದೆ. ಕೇಳಲಿಲ್ಲ. ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಚೆಲ್ಲಿ, ನನ್ನ ಕೈಗೆ ಶೇವಿಂಗ್ ಕನ್ನಡಿ ಕೊಟ್ಟರು. ಸ್ವಲ್ಪ ಮೇಲೆ, ಸ್ವಲ್ಪ ಈಚೆ, ಅಲುಗಾಡಿಸಬೇಡ ಮಾರಾಯ್ತಿ. ಮೊದಲ ಹನಿ ಮೂಗಿನ ಮೇಲೆ. ಎರಡನೆಯದು ಕೆನ್ನೆಗೆ. ಮೂರನೆಯದು ಕಿವಿಗೆ ಹೋಯಿತು ಅನ್ನಿ. ನಾಲ್ಕನೇ ಹನಿ ಸರಿಯಾಗಿ ಕಣ್ಣಿಗೆ ಬಿತ್ತು.

"ಬಂತು ಕಂಡ್ಯಾ" ಅಂದರು.

ಹದಿನೈದು ದಿನಕ್ಕೆ ಬರಬೇಕಾದ ಬಾಟಲಿ ಐದೇ ದಿನಕ್ಕೆ ಖಾಲಿ. ಮೆಡಿಕಲ್ ಅಂಗಡಿಯವನು ಇನ್ನೊಂದು ಕೊಡುವಾಗ ನನ್ನ ಮುಖ ಒಂಥರಾ ನೋಡಿದ.