ಯಾವ ಸಿನಿಮಾ ನೋಡ್ಲಿ ಅಂತ ಕೇಳೋರಿಗೆಲ್ಲಾ, ತುಮಕೂರು ಟ್ರೈನಿಂದ ಒಂದು ಉತ್ತರ

ವಾರಕ್ಕೆ ಮೂರ್ ಜನ ಆದ್ರೂ ಕೇಳ್ತಾರೆ. ಆಫೀಸಲ್ಲಿ ಕೇಳ್ತಾರೆ, ನಮ್ಮ ಬಾಮೈದ ಫೋನ್ ಮಾಡಿ ಕೇಳ್ತಾನೆ, ಮೊನ್ನೆ ಕಟಿಂಗ್ ಶಾಪಲ್ಲಿ ಹುಡುಗ ಕುತ್ತಿಗೆ ಹತ್ರ ಬ್ಲೇಡ್ ಇಟ್ಕೊಂಡೇ ಕೇಳ್ದ, "ಅಣ್ಣ, ಇತ್ತೀಚೆಗೆ ಏನ್ ನೋಡ್ದೆ, ಚೆನ್ನಾಗಿರೋದು ಒಂದು ಹೇಳಣ್ಣ". ಹೇಳಿದ್ರೆ ಅದಕ್ಕೊಂದು ಬಾಲ ಇರುತ್ತೆ, "ಅದು ಚೆನ್ನಾಗಿದೆ ಅಂತ ನೀನ್ ಹೆಂಗ್ ಹೇಳ್ತೀಯ, ಡಾಕ್ಯುಮೆಂಟರಿ ಬೇರೆ ನೋಡ್ತೀಯಂತೆ, ನಿದ್ದೆ ಬರಲ್ವಾ". ಇಷ್ಟು ದಿನ ಬಾಯಿಗ್ ಬಂದ ಹೆಸರು ಹೇಳಿ ತಪ್ಪಿಸ್ಕೊಂಡೆ. ಇವತ್ತು ಭಾನುವಾರ, ಊಟ ಆಗಿದೆ, ಕರೆಂಟೂ ಇದೆ, ಬರ್ದೇ ಬಿಡ್ತೀನಿ.

ಮೊದ್ಲು ನಾನು ಎಲ್ಲಿ ಕೂತು ನೋಡ್ತೀನಿ ಅಂತ ಹೇಳ್ಬೇಕು. ತುಮಕೂರಿಂದ ಯಶವಂತಪುರಕ್ಕೆ ದಿನಾ ಟ್ರೈನು, ಪಾಸ್ ಇದೆ, ಬೆಳಿಗ್ಗೆ ಒಂದೂವರೆ ಗಂಟೆ ಹತ್ರ, ಸಂಜೆ ಅಷ್ಟೇ. ಮಧ್ಯೆ ಮಧ್ಯೆ ನೆಟ್‌ವರ್ಕ್ ಹೋಗುತ್ತೆ ಅಂತ ರಾತ್ರಿನೇ ಡೌನ್‌ಲೋಡ್ ಮಾಡಿಟ್ಕೋತೀನಿ. ಈ ಪಿಕ್ಚರ್ ಎಷ್ಟೊತ್ತಿದೆ ಅಂತ ಕೇಳಿದ್ರೆ ನಂಗೆ ನಿಮಿಷ ನೆನಪಾಗಲ್ಲ, ಸ್ಟೇಷನ್ ನೆನಪಾಗುತ್ತೆ. ಕ್ಯಾತ್ಸಂದ್ರ ಬಿಡೋ ಅಷ್ಟರಲ್ಲಿ ಟೈಟಲ್ಸ್ ಮುಗ್ದಿರ್ಬೇಕು, ದಾಬಸ್‌ಪೇಟೆಗೆ ಕಥೆ ಶುರು ಆಗಿರ್ಬೇಕು, ಸೋಲದೇವನಹಳ್ಳಿ ಬಂದ್ರೂ ಏನೂ ಆಗಿಲ್ಲ ಅಂದ್ರೆ ಫೋನ್ ಜೇಬಿಗೆ.

ಈಗ ಹೆಂಗ್ ಹೇಳ್ತೀಯ ಅನ್ನೋದಕ್ಕೆ. ನಾನ್ ನೋಡೋವಾಗ ಪಕ್ಕದಲ್ಲಿ ಕೂತೋರು ಇಣುಕೇ ಇಣುಕ್ತಾರೆ, ನಮ್ ಕಡೆ ಅದು ತಪ್ಪೂ ಅಲ್ಲ ಬಿಡಿ, ಪಕ್ಕದೋರ ಪೇಪರ್ ಓದ್ದೇ ಇದ್ದೋರು ಯಾರಿದ್ದಾರೆ. ಆದ್ರೆ ಇಯರ್‌ಫೋನ್ ನನ್ ಕಿವೀಲಿದೆ, ಅವರಿಗೆ ಸೌಂಡ್ ಇಲ್ಲ, ಡೈಲಾಗ್ ಇಲ್ಲ, ಮ್ಯೂಸಿಕ್ ಇಲ್ಲ, ಬರೀ ಬೊಂಬೆ. ಹಂಗಿದ್ರೂ ಐದು ನಿಮಿಷ ಕಣ್ಣು ತೆಗೀದೆ ನೋಡಿದ್ರು ಅಂದ್ರೆ ಆ ಸಿನಿಮಾದಲ್ಲಿ ಏನೋ ಇದೆ ಅಂತ ಲೆಕ್ಕ. ಎರಡು ವರ್ಷದಿಂದ ಇದೇ ನನ್ನ ರೇಟಿಂಗು, ಸ್ಟಾರ್ ಗೀರ್ ಎಲ್ಲಾ ನಂಬೋದು ಬಿಟ್ಟಿದೀನಿ.

ಉದಾಹರಣೆಗೆ 'ಮೈ ಆಕ್ಟೋಪಸ್ ಟೀಚರ್', 2021ರಲ್ಲಿ ಆಸ್ಕರ್ ಬಂದಿದ್ದು. ದಕ್ಷಿಣ ಆಫ್ರಿಕಾದಲ್ಲಿ ಕ್ರೇಗ್ ಫಾಸ್ಟರ್ ಅನ್ನೋರು ದಿನಾ ಕೊರೆಯೋ ಚಳಿ ನೀರಿಗಿಳಿದು ಒಂದೇ ಒಂದು ಆಕ್ಟೋಪಸ್ ಹಿಂದೆ ಬೀಳ್ತಾರೆ, ಅಷ್ಟೇ ಕಥೆ. ಅವತ್ತು ಹಿರೇಹಳ್ಳೀಲಿ ಒಬ್ರು ಅಮ್ಮ ಹತ್ತಿದ್ರು, ಮಗಳ ಮನೆಗೆ ಹೋಗ್ತಿದ್ರು, ಕಾಲ್ ಹತ್ರ ಅವರೆಕಾಯಿ ಚೀಲ. "ಏನ್ ಮಗ ಅದು, ಏಡಿನಾ" ಅಂದ್ರು. ಅಲ್ಲಮ್ಮ, ಎಂಟು ಕಾಲಿಂದು ಅಂದೆ. "ತಿಂತಾರಾ" ಅಂದ್ರು. ತಿಂತಾರೆ ಅಂದೆ, ಹಂ ಅಂತ ಸುಮ್ನಾದ್ರು. ಆಮೇಲೆ ಶಾರ್ಕ್ ಅಟ್ಟಿಸ್ಕೊಂಡು ಬರುತ್ತಲ್ಲ, ಆ ಆಕ್ಟೋಪಸ್ಸು ಕಲ್ಲು ಚಿಪ್ಪು ಎಲ್ಲಾ ಬಾಚಿ ಮೈ ತುಂಬಾ ಹೊದ್ಕೊಂಡು ಉಂಡೆ ಥರ ಕೂತ್ಕೊಳ್ಳುತ್ತೆ, ಕೊನೆಗೆ ಆ ಶಾರ್ಕ್ ಬೆನ್ನ ಮೇಲೇ ಹತ್ತಿ ಕೂರುತ್ತೆ, ಆಗ ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡ್ಕೊಂಡ್ಬಿಟ್ರು, ನಿಡವಂದ ದಾಟಿದ್ರೂ ಬಿಡ್ಲಿಲ್ಲ. ಅವರಿಗೆ ಕೇಳಿಸದೇ ಇದ್ದದ್ದು ಏನಂದ್ರೆ ಆ ಮನುಷ್ಯ ಉದ್ದಕ್ಕೂ ತನ್ನ ಬೇಜಾರು, ತನ್ನ ಬದಲಾವಣೆ, ತನ್ನ ಮಗ ಅಂತ ಮಾತಾಡ್ತಾನೇ ಇರ್ತಾರೆ. ನಂಗೆ ಅದು ಜಾಸ್ತಿ ಆಯ್ತು ಅನ್ನಿಸ್ತು. ಸೌಂಡಿಲ್ದೆ ನೋಡಿದ ಅಮ್ಮಂಗೆ ನನಗಿಂತ ಒಳ್ಳೆ ಸಿನಿಮಾ ಸಿಕ್ತು.

'ದಿ ಎಲಿಫೆಂಟ್ ವಿಸ್ಪರರ್ಸ್' ಬಗ್ಗೆ ಎಲ್ಲರೂ ಹೇಳಿ ಮುಗ್ಸಿದಾರೆ, 2023ರ ಆಸ್ಕರ್ರು, ಮುದುಮಲೈ ತೆಪ್ಪಕಾಡು ಆನೆ ಶಿಬಿರ, ಬೊಮ್ಮನ್ ಬೆಳ್ಳಿ ದಂಪತಿ, ರಘು ಅನ್ನೋ ಮರಿ. ನಲವತ್ತು ನಿಮಿಷ, ದೊಡ್ಡಬೆಲೆ ಹತ್ರ ಮುಗಿಯುತ್ತೆ. ನಂಗೆ ಇಷ್ಟ ಆಗಿದ್ದು ಆನೆ ಅಲ್ಲ, ಸ್ನಾನ ಮಾಡ್ಸೋದು, ಮುದ್ದೆ ಕಟ್ಟಿ ಬಾಯಿಗಿಡೋದು, ಆ ದಿನದ ಕೆಲಸ. ರಘುನ ಬೇರೆಯವರ ಕೈಗೆ ಒಪ್ಪಿಸ್ಬೇಕಾಗಿ ಬರುತ್ತಲ್ಲ, ಅಲ್ಲಿ ಅಳು ಬಂದಿದ್ದೂ ಆ ಕೆಲಸ ನೋಡಿದ್ದಕ್ಕೇನೇ. ಪಕ್ಕದಲ್ಲಿ ಗುಬ್ಬಿ ಕಡೆ ಯಜಮಾನ್ರು, ಆನೆ ನೋಡಿದ್ದೇ ತಡ ಅವರ ಕಥೆ ಶುರು, "ಗುಬ್ಬಿ ಕಂಪ್ನಿಯೋರು ಕುರುಕ್ಷೇತ್ರ ಆಡೋವಾಗ ನಿಜ್ವಾದ ಆನೇನೇ ಸ್ಟೇಜಿಗೆ ತತ್ತಿದ್ರಂತೆ ಕಣಪ್ಪ, ನಮ್ಮಪ್ಪ ಹೇಳೋರು, ನಿಮ್ದು ಏನ್ ಮಹಾ ಫೋನಲ್ಲಿ". ಇದಕ್ಕೆ ಏನ್ ಉತ್ತರ ಕೊಡೋದು. ಗುಬ್ಬಿಯೋರ ಹತ್ರ ಆನೆ ವಿಷ್ಯ ಗೆಲ್ಲಕ್ಕಾಗಲ್ಲ.

'ವೈಲ್ಡ್ ಕರ್ನಾಟಕ' ಎರಡನೇ ಸಲ ನೋಡ್ದೆ. ಇಂಗ್ಲಿಷಲ್ಲಿ ಡೇವಿಡ್ ಅಟೆನ್‌ಬರೋ ದನಿ, ಅದಕ್ಕೆ ನ್ಯಾಷನಲ್ ಅವಾರ್ಡೂ ಬಂತು, ಕನ್ನಡದಲ್ಲಿ ರಿಷಬ್ ಶೆಟ್ಟಿ. ಒಂದೊಂದು ಶಾಟೂ ಗೋಡೆಗೆ ಫ್ರೇಮ್ ಹಾಕಿ ನೇತು ಹಾಕೋ ಥರ ಇದೆ, ಪಕ್ಕದೋರೂ ಬಾಯಿ ಬಿಟ್ಕೊಂಡೇ ನೋಡಿದ್ರು, ಸುಳ್ಳು ಹೇಳಲ್ಲ. ಆದ್ರೆ ಅವರು ಮಧುಗಿರಿ ಕಡೆ ರೈತರು, ಮೈದನಹಳ್ಳಿ ಕೃಷ್ಣಮೃಗದ ಕಾಡು ಇದ್ಯಲ್ಲ ಆ ದಿಕ್ಕಿನೋರು. ಮುಗಿದ್ಮೇಲೆ ನಿಧಾನಕ್ಕೆ ಕೇಳಿದ್ರು, "ಚೆನ್ನಾಗೈತೆ ಸಾ, ಇದ್ರಲ್ಲಿ ಜನ ಯಾಕ್ ಇಲ್ಲ? ನಮ್ ಹೊಲಕ್ಕೆ ಬಂದು ಕಳ್ಳೇಕಾಯಿ ಗಿಡ ಮೇಯೋದು ಯಾರ್ ತೋರಿಸ್ತಾರೆ". ನಾನು ಎರಡು ಸಲ ನೋಡಿದ್ರೂ ನಂಗೆ ಹೊಳೆದಿರ್ಲಿಲ್ಲ ಇದು. ಅಷ್ಟೊಂದು ಕಾಡು ತೋರ್ಸಿ, ಕಾಡಂಚಲ್ಲಿ ರಾತ್ರಿ ಕಾವಲು ಕೂರೋನ ಒಂದು ಬೀಡಿ ಬೆಂಕಿನೂ ಕಾಣಲ್ಲ.

ಅದಕ್ಕೆ ಉಲ್ಟಾ 'ಆಲ್ ದಟ್ ಬ್ರೀತ್ಸ್'. ಇದನ್ನ ನಾನು ಎಲ್ಲರಿಗೂ ಹೇಳ್ತೀನಿ, ಯಾರೂ ನೋಡಲ್ಲ. ಶೌನಕ್ ಸೇನ್ ಡೈರೆಕ್ಟರು, 2022, ಸಂಡಾನ್ಸ್, ಕಾನ್ ಎರಡೂ ಫಿಲಂ ಫೆಸ್ಟಿವಲಲ್ಲೂ ಪ್ರಶಸ್ತಿ. ಶುರುನೇ ರಾತ್ರಿ, ದೆಹಲಿಯ ಒಂದು ಕಸದ ಜಾಗ, ಕ್ಯಾಮೆರಾ ನೆಲಕ್ಕಂಟಿ ನಿಧಾನಕ್ಕೆ ಹೋಗ್ತಾ ಇದ್ರೆ ಇಲಿ, ಇಲಿ, ಇಲಿ. ಬೆಳಿಗ್ಗೆ ಬಿಸಿಲಿಗೆ ಸ್ಕ್ರೀನಲ್ಲಿ ನನ್ ಮುಖ ಬಿಟ್ರೆ ಏನೂ ಕಾಣ್ಲಿಲ್ಲ, ಸಂಜೆ ಟ್ರೈನಿಗೆ ಇಟ್ಕೊಂಡೆ. ಪಕ್ಕದ ಕಾಲೇಜ್ ಹುಡುಗ "ಏನ್ ಸಾರ್ ಇದು ಥೂ" ಅಂತ ಮುಖ ತಿರುಗಿಸ್ದ, ಎರಡು ನಿಮಿಷಕ್ಕೆ ವಾಪಸ್ ಬಂದ. ವಿಷ್ಯ ಏನಂದ್ರೆ ನದೀಮ್, ಸೌದ್ ಅಂತ ಅಣ್ಣ ತಮ್ಮ, ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕುಯ್ಸ್ಕೊಂಡು ಬೀಳೋ ಹದ್ದುಗಳನ್ನ ತಂದು ಹೊಲಿಗೆ ಹಾಕಿ ವಾಸಿ ಮಾಡಿ ಹಾರಿಸ್ತಾರೆ. ಚಿಕ್ಕೋರಿದ್ದಾಗ ಒಂದು ಹಕ್ಕಿ ಆಸ್ಪತ್ರೆಗೆ ತಗೊಂಡ್ ಹೋದ್ರೆ, ಇದು ಮಾಂಸ ತಿನ್ನೋ ಹಕ್ಕಿ ನಾವ್ ನೋಡಲ್ಲ ಅಂದ್ರಂತೆ, ಅಲ್ಲಿಂದ ಶುರು. ಬಾಡಿ ಬಿಲ್ಡಿಂಗ್ ಮಾಡ್ತಾ ಮಾಂಸಖಂಡ, ನರ ಅಂತ ಕಲ್ತಿದ್ದೇ ಅವರ ಡಾಕ್ಟರಿಕೆ. ಹೊಟ್ಟೆಪಾಡಿಗೆ ಅದೇ ನೆಲಮಾಳಿಗೇಲಿ ಸೋಪ್ ಡಿಸ್ಪೆನ್ಸರ್ ತಯಾರಿಸ್ತಾರೆ, ಒಂದು ಕಡೆ ಮೆಷಿನ್ನು, ಇನ್ನೊಂದು ಕಡೆ ಡಬ್ಬದಲ್ಲಿ ಹದ್ದು. ಅಣ್ಣ ತಮ್ಮ ದುಡ್ಡಿಗೆ ಜಗಳ ಆಡ್ತಾರೆ, ಹೊರಗೆ ಊರಲ್ಲಿ ಗಲಾಟೆ ನಡೀತಿರುತ್ತೆ, ಅದೆಲ್ಲಾ ದೂರದಿಂದ ಬಂದು ಹೋಗುತ್ತೆ, ಯಾರೂ ಭಾಷಣ ಮಾಡಲ್ಲ. ಸಹಾಯಕ್ಕಿರೋ ಹುಡುಗನ ಕನ್ನಡಕನ ಒಂದು ಹದ್ದು ಬಂದು ಕಿತ್ಕೊಂಡ್ ಹೋಗುತ್ತೆ ನೋಡಿ, ಪಕ್ಕದೋನು ಜೋರಾಗಿ ನಕ್ಕ, ಇಡೀ ಬೋಗಿ ನಮ್ ಕಡೆ ತಿರುಗ್ತು. ಕ್ಯಾತ್ಸಂದ್ರ ಬಂದಾಗ ಎದ್ದು ಹೊರಟೋನು ಬಾಗಿಲ ಹತ್ರದಿಂದ ಕೂಗ್ದ, "ಸಾರ್ ಹೆಸರು ವಾಟ್ಸಾಪ್ ಮಾಡಿ". ಅವನ ನಂಬರೇ ನನ್ ಹತ್ರ ಇಲ್ಲ, ಪಾಪ.

ಕೆಜಿಎಫ್ ಬಗ್ಗೆ ಕೇಳೇ ಕೇಳ್ತೀರ, ಬೇಗ ಮುಗಿಸ್ತೀನಿ. ಮೊನ್ನೆ ಮತ್ತೆ ಹಾಕ್ದೆ, ಪಕ್ಕದೋರು ಹತ್ತು ನಿಮಿಷ ನೋಡಿ ತೂಕಡಿಸಿದ್ರು. ಆ ಸಿನಿಮಾದ ಅರ್ಧ ಜೀವ ಸೌಂಡಲ್ಲೇ ಇದೆ, ಅದನ್ನ ಥಿಯೇಟರಲ್ಲಿ ನೋಡ್ಬೇಕು, ಫೋನಲ್ಲಿ ನೋಡಿ ಬೈಯೋದು ಅನ್ಯಾಯ. ಆದ್ರೆ ನಮ್ ಆಫೀಸಲ್ಲಿ ಕೆಜಿಎಫ್ ಊರಿನ ರಾಬರ್ಟ್‌ಸನ್ ಪೇಟೆ ಹುಡುಗ ಒಬ್ಬ ಇದಾನೆ, ಅವರ ತಾತ ಗಣಿ ಒಳಗೆ ಕೆಲಸ ಮಾಡ್ದೋರು. ಅವನು ಹೇಳೋದು ಬೇರೆ: ಚಾಂಪಿಯನ್ ರೀಫ್ ಗಣೀಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳೀತಿದ್ರು, ಒಳಗೆ ಬೇಗೆ, ರಾಕ್ ಬರ್ಸ್ಟ್ ಆದ್ರೆ, ಅಂದ್ರೆ ಒತ್ತಡಕ್ಕೆ ಒಳಗೆ ಬಂಡೆ ಸಿಡಿದ್ರೆ, ಮೇಲೆ ಮನೇಲಿ ಪಾತ್ರೆ ಅಲ್ಲಾಡ್ತಿತ್ತು, ಧೂಳು ಕುಡಿದು ಕುಡಿದು ಕೆಮ್ಮು, ಕೊನೆಗೆ 2001ರ ಫೆಬ್ರವರೀಲಿ ಗಣಿ ಮುಚ್ಚಿದ್ರು, ಅಷ್ಟೇ. ರಾಕಿ ಭಾಯ್ ಬರ್ಲಿ ಬೇಡ ಅನ್ನಲ್ಲ. ಆದ್ರೆ ಒಬ್ಬ ಮನುಷ್ಯ ಕೇಜ್, ಅಂದ್ರೆ ಗಣಿ ಲಿಫ್ಟ್, ಹತ್ತಿ ಕೆಳಗಿಳಿದು, ಶಿಫ್ಟ್ ಮುಗ್ಸಿ ಮೇಲೆ ಬರೋದನ್ನ ಸುಮ್ನೆ ತೋರಿಸಿದ್ರೆ ಸಾಕು, ನಮ್ ಬೋಗೀಲಿ ಒಬ್ರೂ ತೂಕಡಿಸಲ್ಲ.

'ಸು ಫ್ರಮ್ ಸೋ' ಮನೆಯೋರ ಜೊತೆ ಥಿಯೇಟರಲ್ಲಿ ನೋಡಿದ್ದು, ಕಳೆದ 2025ರ ಜುಲೈ ಕೊನೆಗೆ ಬಂತಲ್ಲ. ಮಂಗಳೂರು ಕಡೆ ಮಾತು ನಮ್ಮಮ್ಮಂಗೆ ಅರ್ಧ ಅರ್ಥ ಆಗ್ಲಿಲ್ಲ, ಆದ್ರೂ ಎಲ್ಲರಿಗಿಂತ ಮುಂಚೆ ನಗ್ತಿದ್ರು. ಸುಲೋಚನ ಫ್ರಮ್ ಸೋಮೇಶ್ವರ ಅಂತ ದೆವ್ವಕ್ಕೆ ಅಡ್ರೆಸ್ ಇರೋದೇ ಸಾಕಾಯ್ತು ಅವರಿಗೆ. ನಂಗೆ ಫಸ್ಟ್ ಹಾಫ್ ಭಾರಿ ಇಷ್ಟ, ಸೆಕೆಂಡ್ ಹಾಫಲ್ಲಿ ಸ್ವಲ್ಪ ಬುದ್ಧಿ ಹೇಳೋಕೆ ಶುರು ಮಾಡ್ತಾರೆ, ಪರ್ವಾಗಿಲ್ಲ.

ಇಷ್ಟೆಲ್ಲಾ ಹೇಳಿ, ನನ್ನ ರೂಲು ಕೆಟ್ಟಿದ್ದನ್ನೂ ಹೇಳ್ಬೇಕು. ಹೋದ ತಿಂಗಳು 'ತಿಥಿ' ಮತ್ತೆ ನೋಡ್ತಿದ್ದೆ. 2016ರಲ್ಲಿ ಥಿಯೇಟರಿಗೆ ಬಂದಾಗ ನೋಡಿದ್ದೆ, ಮಂಡ್ಯದ ನೊದೆಕೊಪ್ಪಲು, ನಟರಲ್ಲದ ಊರ ಜನ, ನೂರೊಂದು ವರ್ಷದ ಸೆಂಚುರಿಗೌಡ ಸತ್ತು ತಿಥಿ ತನಕ ಹನ್ನೊಂದು ದಿನ. ಮೊಮ್ಮಗ ತಮ್ಮಣ್ಣಂಗೆ ಐದು ಎಕರೆ ಮಾರ್ಬೇಕು, ಆದ್ರೆ ಮಧ್ಯದಲ್ಲಿ ಅವರಪ್ಪ ಗಡ್ಡಪ್ಪ ಬದುಕಿದಾನೆ, ಅವನಿಗೆ ಜಮೀನೂ ಬೇಡ ಏನೂ ಬೇಡ, ಕೈಲೊಂದು ಬಾಟ್ಲಿ ಇಟ್ಕೊಂಡು ನಡೀತಾನೇ ಇರ್ತಾನೆ. ಪಕ್ಕದೋರು ಇಣುಕಿದ್ರು, ಎರಡು ನಿಮಿಷಕ್ಕೆ ಕಿಟಕಿ ಕಡೆ ತಿರುಗಿದ್ರು. ಬರೀ ಜನ ಕೂತು ಮಾತಾಡ್ತಿದ್ರೆ ಸೌಂಡಿಲ್ದೆ ಏನಿದೆ ನೋಡಕ್ಕೆ? ಆ ಮಾತು ಕೇಳದಿದ್ರೆ ಆ ಸಿನಿಮಾನೇ ಇಲ್ಲ. ನಂಗೆ ತಡೀಲಿಲ್ಲ, ಇಯರ್‌ಫೋನ್ ಒಂದು ಕಿತ್ತು ಒರೆಸಿ ಅವರ ಕೈಗೆ ಕೊಟ್ಟೆ. ಸ್ವಲ್ಪ ಹಿಂಜರಿದು ಹಾಕ್ಕೊಂಡ್ರು. ಸಬ್ ರಿಜಿಸ್ಟ್ರಾರ್ ಆಫೀಸ್ ಮುಂದೆ ಪತ್ರ ಬರೆಯೋರು ಅಂತೆ ಅವರು, ಮೂವತ್ತು ವರ್ಷದಿಂದ. ತಮ್ಮಣ್ಣ ಅಪ್ಪ ಸತ್ತೋದ ಅಂತ ಸುಳ್ಳು ಡೆತ್ ಸರ್ಟಿಫಿಕೇಟ್ ಮಾಡ್ಸೋ ಪ್ಲಾನ್ ಶುರು ಮಾಡ್ದಾಗ ಎದ್ದು ಕೂತ್ರು, "ಸತ್ತೋರ ಜಮೀನು ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗ್ದೆ ಅದೆಂಗ್ರೀ ಮಾರ್ತಾನೆ? ವಂಶವೃಕ್ಷದಲ್ಲಿ ಬೇರೆಯೋರ ಹೆಸರು ಬರಲ್ವಾ? ಇವ್ನು ಸಿಕ್ಕಾಕೊಂತಾನೆ ನೋಡ್ತಿರಿ".

ದಾಬಸ್‌ಪೇಟೆ ಬಂತು, ಅವರು ಇಳೀಬೇಕು. ಇಯರ್‌ಫೋನ್ ಬಿಚ್ಚೋಕೆ ಮನಸ್ಸಿಲ್ಲ, ಎದ್ದು ನಿಂತ್ಕೊಂಡೇ ಇನ್ನೊಂಚೂರು ನೋಡಿದ್ರು, ಆಮೇಲೆ ಬೆರಳು ತೋರ್ಸಿ, "ಜಮೀನು ಮಾರಿದ್ನೋ ಇಲ್ವೋ ಹೇಳ್ಬೇಡಿ, ನೀವೂ ನೋಡ್ಬೇಡಿ ಮುಂದಕ್ಕೆ" ಅಂತ ಹೇಳಿ ಇಳಿದು ಹೋದ್ರು. ನಾನೂ ನೋಡ್ಲಿಲ್ಲ. ಮಾರನೇ ದಿನ ಲೇಟಾಗಿ ಓಡಿ ಬಂದು ಹತ್ತಿದ್ರೆ ಬೋಗಿ ತುಂಬಿದೆ, ಪತ್ರದ ಯಜಮಾನ್ರು ಮೂಲೇಲಿ ಕೂತಿದಾರೆ, ಪಕ್ಕದ ಕಿಟಕಿ ಸೀಟಿನ ಮೇಲೆ ಅವರ ಕರ್ಚೀಫು.