ತಿಂಡಿ ತಡವಾಗಿದ್ದು ಯಾಕೆ ಅಂದ್ರೆ

ಗೋಕರ್ಣಕ್ಕೆ ಹೋಗಿದ್ದು ಸುಮ್ನೆ ಮಲಗೋಕೆ. ಮೂರು ಜನ ಸ್ನೇಹಿತರು, ನಾಲ್ಕು ದಿನ ರಜೆ. ಓಂ ಬೀಚ್, ಕುಡ್ಲೆ ಬೀಚ್, ಹೊತ್ತು ಮುಳುಗಿದ ಮೇಲೆ ಊಟ, ಅಷ್ಟೇ ಪ್ಲಾನ್. ಉಳಿದುಕೊಂಡಿದ್ದು ತದಡಿ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹೋಮ್‌ಸ್ಟೇಯಲ್ಲಿ. ಅಲ್ಲಿ 'ಹಳ್ಳಿ ಅನುಭವ' ಅಂತ ಒಂದು ಪ್ಯಾಕೇಜ್ ಕೂಡ ಇತ್ತು. ಎತ್ತಿನ ಗಾಡಿ, ತಲೆಗೆ ಮುಂಡಾಸು, ಫೋಟೋ. ಬೇಡ ಅಂದೆವು.

ಮೊದಲ ದಿನ ತಿಂಡಿ ಎಂಟಕ್ಕೆ ಬಂತು. ಎರಡನೇ ದಿನ ಒಂಬತ್ತು ಆಗ್ತಾ ಬಂದಿತ್ತು. ಹಸಿದ ಹೊಟ್ಟೆಯಲ್ಲಿ ನಾನು ಮಾಲೀಕರ ಹತ್ತಿರ ಸ್ವಲ್ಪ ಗೊಣಗಿದೆ. ಅವರು ನಕ್ಕು, 'ಅಡುಗೆಯವರು ಹೊಳೆಗೆ ಹೋಗಿದ್ರು, ಇಳಿತ ಮುಗಿದ ಮೇಲೇ ಬರೋದು' ಅಂದರು. ನನಗೆ ತಲೆಬುಡ ಅರ್ಥ ಆಗಲಿಲ್ಲ. ಮಧ್ಯಾಹ್ನ ಅಡುಗೆಮನೆಗೇ ಹೋಗಿ ಆ ಅಮ್ಮನನ್ನು ಕೇಳಿದೆ. ಐವತ್ತೈದು ವರ್ಷ ಇರಬಹುದು, ಮೆಟ್ಟುಗತ್ತಿ ಮುಂದೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಬಳಚು, ಅಂದ್ರೆ ಕೆಸರಲ್ಲಿ ಸಿಗೋ ಚಿಪ್ಪುಮೀನು, ಹೆಕ್ಕೋಕೆ ಹೋಗಿದ್ದರಂತೆ. 'ನಾಳೆ ನೀನೂ ಬಾ ತಮಾ' ಅಂದರು. ನಾನು ಗೊಣಗಿದ್ದು ಅವರ ಕಿವಿಗೆ ಬಿದ್ದಿತ್ತು ಅಂತ ಆ ನಗುವಲ್ಲೇ ಗೊತ್ತಾಯಿತು.

ಮರುದಿನ ಆರಕ್ಕೆಲ್ಲ ಬಾಡಿಗೆ ಸ್ಕೂಟರಲ್ಲಿ ಅವರನ್ನು ಹಿಂದೆ ಕೂರಿಸಿಕೊಂಡು ತದಡಿಗೆ ಹೊರಟೆ. ಅಘನಾಶಿನಿ ಸಮುದ್ರ ಸೇರುವ ಜಾಗ ಅದು. ಶಿರಸಿ ಕಡೆಯ ಘಟ್ಟದಿಂದ ಇಳಿದು ಬರುವ ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಸಿಹಿನೀರು ಅದರ ಪಾಡಿಗೆ ಕೆಳಗೆ ಬರುತ್ತದೆ, ಉಪ್ಪುನೀರು ದಿನಕ್ಕೆ ಎರಡು ಸಲ ಮೇಲೆ ನುಗ್ಗುತ್ತದೆ. ಆ ಎರಡು ನೀರು ಬೆರೆಯುವ ಕೆಸರಲ್ಲೇ ಬಳಚು ಬೆಳೆಯೋದು. ಈ ಅಳಿವೆ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದೆ, ಅಂದರೆ ಜಗತ್ತೇ ಕಾಪಾಡಬೇಕಾದ ಜೌಗು ನೆಲ. ನಾವು ಎರಡು ದಿನದಿಂದ ಅದರ ಪಕ್ಕದಲ್ಲೇ ಬಿಯರ್ ಹಿಡಿದು ಓಡಾಡ್ತಾ ಇದ್ದೆವು, ಒಮ್ಮೆಯೂ ಆ ಕಡೆ ತಿರುಗಿ ನೋಡಿರಲಿಲ್ಲ.

ನೀರು ಇಳಿದು ನಡುವೆ ಕೆಸರಿನ ದಿಬ್ಬಗಳು ಎದ್ದಿದ್ದವು. ಆಗಲೇ ಹತ್ತಿಪ್ಪತ್ತು ಜನ ಸೊಂಟದ ಮಟ್ಟ ನೀರಲ್ಲಿ ನಿಂತಿದ್ದರು. ಅಮ್ಮ ಸೀರೆ ಎತ್ತಿ ಕಟ್ಟಿ, ಅಲ್ಯೂಮಿನಿಯಂ ಬೋಗುಣಿಗೆ ಹಗ್ಗ ಹಾಕಿ ಸೊಂಟಕ್ಕೆ ಕಟ್ಟಿಕೊಂಡರು. ಅದು ಅವರ ಹಿಂದೆ ಸಾಕಿದ ನಾಯಿಮರಿ ಥರ ತೇಲುತ್ತಾ ಬರುತ್ತಿತ್ತು.

ಬಳಚು ಕಣ್ಣಿಗೆ ಕಾಣೋದಿಲ್ಲ, ಕಾಲಿಗೆ ಸಿಗುತ್ತದೆ. ಬೆರಳಿಂದ ಕೆಸರು ಕೆದಕಬೇಕು, ಗಟ್ಟಿಯಾಗಿ ದುಂಡಗೆ ಏನಾದರೂ ತಾಗಿದರೆ ಬಗ್ಗಿ ತೆಗೆಯಬೇಕು. ಹೇಳೋದು ಸುಲಭ. ನನ್ನ ಕಾಲಿಗೆ ತಾಗಿದ್ದೆಲ್ಲ ಕಲ್ಲು, ಖಾಲಿ ಚಿಪ್ಪು, ಒಮ್ಮೆ ಯಾರದೋ ಹಳೇ ಚಪ್ಪಲಿ. ಅವರು ಪಕ್ಕದ ಹೆಂಗಸಿನ ಜೊತೆ ಯಾವುದೋ ಮದುವೆ ಸುದ್ದಿ ಮಾತಾಡುತ್ತಲೇ ಇದ್ದರು, ಕೈ ಮಾತ್ರ ನೀರಿಗೂ ಬೋಗುಣಿಗೂ ಹೋಗಿ ಬರ್ತಾ ಇತ್ತು, ಟಣ್ ಟಣ್ ಅಂತ ಸದ್ದು. ಒಂದೂವರೆ ಗಂಟೆ ಕಳೆಯೋ ಹೊತ್ತಿಗೆ ಅವರ ಬೋಗುಣಿ ಮುಕ್ಕಾಲು ತುಂಬಿತ್ತು. ನನ್ನದು ಹದಿನೇಳು. ಅದರಲ್ಲಿ ನಾಲ್ಕನ್ನು 'ಇನ್ನೂ ಮರಿ, ಬೆಳೀಲಿ' ಅಂತ ವಾಪಸ್ ನೀರಿಗೆ ಹಾಕಿಸಿದರು. ಚಿಪ್ಪು ತಾಗಿ ಹೆಬ್ಬೆರಳು ಬೇರೆ ಕುಯ್ದಿತ್ತು. ತೋರಿಸಿದರೆ, 'ಉಪ್ಪುನೀರಲ್ಲೇ ಅದ್ದಿಕೊ, ಸರಿ ಹೋಗ್ತದೆ' ಅಂದರು. ಉರಿ ಅಂದ್ರೆ ಉರಿ!

ಆಮೇಲೆ ನೀರು ಏರತೊಡಗಿತು. ಯಾರೂ ಗಡಿಯಾರ ನೋಡಲಿಲ್ಲ, ಎಲ್ಲರೂ ಒಟ್ಟಿಗೆ ದಡದ ಕಡೆ ತಿರುಗಿದರು. ನಾಳೆ ಎಷ್ಟು ಗಂಟೆಗೆ ಅಂತ ಕೇಳಿದೆ. ಅಮಾವಾಸ್ಯೆ ಕಳೆದು ಎಷ್ಟು ದಿನ ಅಂತ ಬೆರಳು ಮಡಚಿ, 'ಇವತ್ತಿಗಿಂತ ಮುಕ್ಕಾಲು ಗಂಟೆ ತಡ, ಸ್ವಲ್ಪ ಜಾಸ್ತಿನೇ' ಅಂದರು. ಫೋನಲ್ಲಿ ನೋಡಿದೆ, ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಸರಿಯುತ್ತದೆ ಅಂತ ಇತ್ತು. ನಮ್ಮ ತಿಂಡಿ ಕೂಡ ಹೆಚ್ಚೂಕಡಿಮೆ ಅಷ್ಟೇ ಸರಿದಿತ್ತು, ಅಲ್ವಾ?

ವಾಪಸ್ ಬರುವಾಗ ಸಾಣಿಕಟ್ಟಾ ಕಡೆ ಉಪ್ಪಿನ ಆಗರ ತೋರಿಸಿದರು. ಅಲ್ಲೂ ಇದೇ ಉಪ್ಪುನೀರನ್ನೇ ಒಳಗೆ ಬಿಟ್ಟು ಬಿಸಿಲಿಗೆ ಒಣಗಿಸೋದು. ಹೆಚ್ಚು ಹೊತ್ತು ನಿಲ್ಲಲಿಲ್ಲ, ಅವರಿಗೆ ನಮ್ಮ ದೋಸೆಯ ಚಿಂತೆ.

ರಾತ್ರಿ ಊಟಕ್ಕೆ ಬಳಚಿನ ಸುಕ್ಕ. ಹೆಕ್ಕಿದ ತಕ್ಷಣ ಮಾಡೋ ಹಾಗಿಲ್ಲ, ಸಂಜೆವರೆಗೆ ನೀರಲ್ಲಿ ಇಟ್ಟು ಮರಳು ಕಕ್ಕಿಸಬೇಕು. ತೆಂಗಿನಕಾಯಿ, ಒಣಮೆಣಸು, ಚಿಪ್ಪಿಗೆ ಅಂಟಿಕೊಂಡ ಪುಟ್ಟ ಮಾಂಸ. ನನ್ನ ಹದಿಮೂರೂ ಅದರಲ್ಲೇ ಎಲ್ಲೋ ಇದ್ದವು. ಒಂದೊಂದು ಚಿಪ್ಪು ಎತ್ತಿದಾಗಲೂ ಇದು ನನ್ನದೇ ಅಂತ ಹೇಳ್ತಾ ಇದ್ದೆ. ಮೂರನೇ ಸಲಕ್ಕೆ ಸ್ನೇಹಿತರು ಕೇಳೋದು ಬಿಟ್ಟರು.

ಕೊನೆಯ ದಿನ ಬೆಳಿಗ್ಗೆ ಒಬ್ಬ ಗೆಳೆಯ ಒಂಬತ್ತೂವರೆಗೇ ಮೇಜಿನ ಮುಂದೆ ಕೂತು ತಟ್ಟೆ ಬಡಿಯೋಕೆ ಶುರು ಮಾಡಿದ. ಇವತ್ತು ಹತ್ತೂವರೆ ಆಗುತ್ತದೆ ಅಂತ ಹೇಳಿ ಬಿಸ್ಕತ್ತಿನ ಪೊಟ್ಟಣ ಅವನ ಕಡೆ ತಳ್ಳಿದೆ. ನಿನಗೆ ಹೇಗೆ ಗೊತ್ತು ಅಂದ. ಹತ್ತು ಇಪ್ಪತ್ತೈದಕ್ಕೆ ಗೇಟಿನ ಸದ್ದಾಯಿತು.